ಮಾರ್ಕನನ್ನು ಕರೆದುಕೊಂಡು ಬಾ

ಪ್ರೀತಿಯ ಹಿರಿಯರೇ, ಅಕ್ಕ-ತಂಗಿಯರೇ, ಅಣ್ಣ-ತಮ್ಮಂದಿರೇ,

ಪುಣೆ ಎಷ್ಟೇ ದೊಡ್ಡದಾದರೂ ನಮ್ಮ ಕನ್ನಡದವರಲ್ಲಿ ಒಬ್ಬರ ಸುದ್ದಿ ಇನ್ನೊಬ್ಬರಿಗೆ ಮುಟ್ಟಲು ಒಂದು ಭಾನುವಾರ ಸಾಕು. ‘ಯಾರು, ಆ ಪಿಂಪ್ರಿಯವನಾ? ಚೀಟಿ ದುಡ್ಡು ನುಂಗಿದವನಲ್ವಾ?’ ಅಂತ ಶುರುವಾಗುತ್ತದೆ. ನುಂಗಿದ್ದು ನಿಜವೇ ಇರಬಹುದು. ಆದರೆ ನಾಳೆ ಅವನ ಮಗಳಿಗೆ ಸಂಬಂಧ ನೋಡುವವರು ಹುಡುಗಿ ಬಗ್ಗೆ ವಿಚಾರಿಸಿದರೂ ಮೊದಲು ಬರುವುದು ಅದೇ ಮಾತು. ಚೀಟಿ ನಡೆಸುವಾಗ ಆ ಹುಡುಗಿ ಶಾಲೆಗೆ ಹೋಗುತ್ತಿದ್ದಳು, ಪಾಪ.

ಇವತ್ತು ಬೈಬಲ್‌ನಲ್ಲಿ ಬರುವ ಮಾರ್ಕನ ಬಗ್ಗೆ ಮಾತಾಡುತ್ತೇನೆ. ಪೌಲ ಮತ್ತು ಬಾರ್ನಬ ಯೇಸುವಿನ ಸುದ್ದಿ ಸಾರಲು ಮೊದಲ ಸುವಾರ್ತಾ ಪ್ರಯಾಣಕ್ಕೆ ಹೊರಟಾಗ ಈ ಹುಡುಗ ಜೊತೆಗಿದ್ದ. ಪಂಫುಲ್ಯದ ಪೆರ್ಗೆ ಊರು ಬಂತು. ಅಲ್ಲಿಂದ ಇವನು ಯೆರೂಸಲೇಮಿಗೆ ವಾಪಸ್ ಹೋಗಿಬಿಟ್ಟ. ಹೆದರಿದನೋ, ಕಾಯಿಲೆ ಬಿದ್ದನೋ, ಅಮ್ಮನ ನೆನಪಾಯಿತೋ, ಇದನ್ನೆಲ್ಲ ಬರೆದ ಲೂಕ ಹೇಳುವುದಿಲ್ಲ. ಮುಂದಿನ ಪ್ರಯಾಣದ ಹೊತ್ತಿಗೆ ಬಾರ್ನಬ ‘ಅವನನ್ನೂ ಕರೆದುಕೊಳ್ಳೋಣ’ ಎಂದ. ಪೌಲ ಒಪ್ಪಲಿಲ್ಲ. ನಡುದಾರಿಯಲ್ಲಿ ಕೈಬಿಟ್ಟವನು ಬೇಡ. ಅಪೊಸ್ತಲರ ಕೃತ್ಯಗಳು 15ನೇ ಅಧ್ಯಾಯ ಓದಿ. ಜಗಳ ಎಷ್ಟು ಜೋರಾಯಿತೆಂದರೆ ಇಬ್ಬರೂ ಬೇರೆಬೇರೆಯಾದರು. ಬಾರ್ನಬ ಮಾರ್ಕನನ್ನು ಕರೆದುಕೊಂಡು ಸೈಪ್ರಸ್‌ಗೆ ಹಡಗು ಹತ್ತಿದ. ಪೌಲ ಸೀಲನ ಜೊತೆ ಹೊರಟ.

ಮಾರ್ಕ ಬಾರ್ನಬನ ಸಂಬಂಧಿ. ನಮ್ಮ ಕಮಿಟಿಯಲ್ಲಾಗಿದ್ದರೆ ‘ತನ್ನವನು ಅಂತ ಪಕ್ಷ ಕಟ್ಟಿದ’ ಎಂದು ಯಾರಾದರೂ ಎದ್ದು ನಿಂತು ಹೇಳುತ್ತಿದ್ದರು. ಆದರೆ 9ನೇ ಅಧ್ಯಾಯಕ್ಕೆ ಹಿಂದೆ ಹೋಗಿ. ಯೇಸುವನ್ನು ನಂಬಿದ್ದ ಸ್ತೆಫನನನ್ನು ಕಲ್ಲೆಸೆದು ಕೊಂದಾಗ ಸಮ್ಮತಿಸಿ ನಿಂತಿದ್ದ ಪೌಲ, ಮನಸ್ಸು ತಿರುಗಿ ಯೆರೂಸಲೇಮಿಗೆ ಬಂದ. ಶಿಷ್ಯರೆಲ್ಲ ಹೆದರಿದರು, ಯಾರೂ ನಂಬಲಿಲ್ಲ. ಅವತ್ತು ಅವನನ್ನು ಅಪೊಸ್ತಲರ ಹತ್ತಿರ ಕರೆದೊಯ್ದವನು ಇದೇ ಬಾರ್ನಬ. ಪೌಲ ಅವನಿಗೇನೂ ಸಂಬಂಧಿಯಲ್ಲ!

ಹಾಗಂತ ಪೌಲನದು ತಪ್ಪು ಎಂದು ಬೈಬಲ್ ಹೇಳುವುದಿಲ್ಲ. ಅಪಾಯದ ದಾರಿಗೆ ಎಂಥವರನ್ನು ಕರೆದೊಯ್ಯಬೇಕು ಎಂದು ಯೋಚಿಸುವುದು ನ್ಯಾಯವೇ. ಆದರೆ ಆ ತೀರ್ಪನ್ನು ಅವನು ಮಾರ್ಕನ ಜನ್ಮಕ್ಕೆ ಅಂಟಿಸಲಿಲ್ಲ. ಕಿರಿಯ ಜೊತೆಗಾರ ತಿಮೊಥೆಯನಿಗೆ ಬರೆದ ಎರಡನೆಯ ಪತ್ರದಲ್ಲಿ ಪೌಲ ಸೆರೆಯಲ್ಲಿದ್ದಾನೆ, ಸಾವು ಹತ್ತಿರವಿದೆ. ಲೂಕನೊಬ್ಬನೇ ಜೊತೆಗಿದ್ದಾನೆ. ಆಗ ಹೇಳಿಕಳಿಸುತ್ತಾನೆ: ಮಾರ್ಕನನ್ನು ಕರೆದುಕೊಂಡು ಬಾ, ಅವನಿಂದ ನನಗೆ ಉಪಯೋಗವಿದೆ.

ಎರಡನೆಯ ಸುವಾರ್ತೆ ಬರೆದವನು ಈ ಮಾರ್ಕನೇ ಎಂದು ಕ್ರೈಸ್ತ ಸಭೆ ಹಿಂದಿನಿಂದಲೂ ಹೇಳಿಕೊಂಡು ಬಂದಿದೆ. ಯೇಸುವಿನ ಶಿಷ್ಯ ಪೇತ್ರ ಮೂರು ಸಲ ‘ಆತನನ್ನು ಅರಿಯೆ’ ಎಂದದ್ದು ಅದರಲ್ಲೂ ಇದೆ, ಉಳಿದ ಮೂರು ಸುವಾರ್ತೆಗಳಲ್ಲೂ ಇದೆ. ಯಾರೂ ಮುಚ್ಚಿಡಲಿಲ್ಲ. ನಾವು ಎಡವುವುದು ಇಲ್ಲೇ. ಒಂದೋ ತಪ್ಪನ್ನು ಮುಚ್ಚುತ್ತೇವೆ, ಇಲ್ಲವೇ ಆ ಮನುಷ್ಯನಿಗೆ ಅದನ್ನೇ ಅಡ್ಡಹೆಸರು ಮಾಡುತ್ತೇವೆ.

ನಾವು ಕಲಬುರಗಿ ಕಡೆ ರೈಲಿನಲ್ಲಿ ಹೋಗುವಾಗ ದೌಂಡ್‌ಗಿಂತ ಮೊದಲು ಕೇಡಗಾಂವ್ ಸಿಗುತ್ತದೆ. ಪಂಡಿತಾ ರಮಾಬಾಯಿ ಕಟ್ಟಿದ ಮುಕ್ತಿ ಮಿಷನ್ ಅಲ್ಲೇ ಇದೆ. ರಮಾಬಾಯಿ ಹುಟ್ಟಿದ್ದು 1858ರಲ್ಲಿ, ನಮ್ಮ ಪಶ್ಚಿಮ ಘಟ್ಟದ ಗಂಗಾಮೂಲದಲ್ಲಿ. ಗಂಡ ಸತ್ತರೆ ಅದಕ್ಕೆ ಹೆಂಡತಿಯ ಹಿಂದಿನ ಜನ್ಮದ ಪಾಪ ಕಾರಣ ಎನ್ನುವ ಕಾಲ ಅದು. ಎಳೆಯ ವಿಧವೆಯರಿಗೆ ಆಕೆ ಮನೆ, ಓದು, ಕೆಲಸ ಕೊಟ್ಟರು. ಅಷ್ಟಕ್ಕೇ ನಿಲ್ಲಲಿಲ್ಲ. ‘ಕೆಟ್ಟವಳು’ ಎಂದು ಊರು ಹೊರಗೆ ಹಾಕಿದ ಹೆಂಗಸರಿಗಾಗಿ ಅಲ್ಲೇ ಕೃಪಾ ಸದನ ತೆರೆದರು. ನನ್ನ ಮಟ್ಟಿಗೆ ಇದೇ ಜಾಸ್ತಿ ದೊಡ್ಡ ಕೆಲಸ. ತಪ್ಪೇ ಮಾಡದವರ ಪರ ನಿಲ್ಲಲು ಕರುಣೆ ಸಾಕು. ತಪ್ಪು ಮಾಡಿದವರ ಪಕ್ಕ ನಿಂತರೆ ನಿಮ್ಮ ಹೆಸರಿಗೂ ಕೆಸರು ಹತ್ತುತ್ತದೆ.

ನಮ್ಮೂರಲ್ಲೇ ಯೆರವಡಾ ಜೈಲಿದೆ. ಅಲ್ಲಿಂದ ಬಿಡುಗಡೆಯಾದವನು ಬಾಡಿಗೆಗೆ ಒಂದು ರೂಮ್ ಕೇಳಿಕೊಂಡು ಬಂದರೆ ನಮ್ಮಲ್ಲಿ ಎಷ್ಟು ಜನ ಕೊಡುತ್ತೇವೆ? ಕೈ ಎತ್ತಬೇಡಿ, ಸುಮ್ನೆ ಯೋಚಿಸಿ.

ಇನ್ನು, ಸಭೆಯ ಹಣ ತಿಂದವನಿಗೆ ಮತ್ತೆ ಲೆಕ್ಕದ ಪುಸ್ತಕ ಕೊಡಿ ಎಂದು ನಾನು ಹೇಳುತ್ತಿಲ್ಲ. ಕೊಡಬೇಡಿ. ಯೇಸುವನ್ನು ಮನೆಗೆ ಸೇರಿಸಿಕೊಂಡ ಸುಂಕದವನು ಜಕ್ಕಾಯ ಕೂಡ ಮೋಸದಿಂದ ತೆಗೆದುಕೊಂಡದ್ದಕ್ಕೆ ನಾಲ್ಕರಷ್ಟು ವಾಪಸ್ ಕೊಡುತ್ತೇನೆ ಎಂದ. ಆದರೆ ಆ ಹಣ ತಿಂದವನು ಗಾಯನ ತಂಡದಲ್ಲಿ ಹಾಡಲಿ, ಆಸ್ಪತ್ರೆ ಸೇರಿದರೆ ನೋಡಲು ಹೋಗಿ.

ಕುಡಿದು ಹೆಂಡತಿಗೆ ಹೊಡೆಯುವವನ ವಿಷಯಕ್ಕೆ ಬಂದಾಗ ಮಾತ್ರ ಹುಷಾರಾಗಿರಿ. ‘ಯೇಸು ಕ್ಷಮಿಸಿದ, ನೀನೂ ಕ್ಷಮಿಸಮ್ಮಾ, ಹೊಂದಿಕೊಂಡು ಹೋಗು’ ಎಂದು ಅವಳನ್ನು ಅದೇ ಮನೆಗೆ ಕಳಿಸುವುದಕ್ಕೆ ಈ ಉಪನ್ಯಾಸವನ್ನು ದಯವಿಟ್ಟು ಬಳಸಬೇಡಿ. ಅವಳಿಗೆ ಮೊದಲು ಪೆಟ್ಟು ಬೀಳದ ಜಾಗ ಬೇಕು. ಅವನ ಜೊತೆ ಕೂತು ಮಾತಾಡುವುದು, ಕುಡಿತ ಬಿಡಿಸಲು ಕರೆದೊಯ್ಯುವುದು, ಕಾಯುವುದು, ಇದೆಲ್ಲ ಹಿರಿಯರಾದ ನಮ್ಮ ಕೆಲಸ. ಅವಳದ್ದಲ್ಲ.