ಗುರುವಾರದ ಹಿರಿಯರು, ಮಾಳಮಡ್ಡಿಯ ಓದುಗರು

ಕೇಳುಗರೆಲ್ಲರಿಗೂ ನಮಸ್ಕಾರ.

ಧಾರವಾಡದ ಮಾಳಮಡ್ಡಿಯ ಒಂದು ಮನೆಯ ಪಡಸಾಲೆಯಲ್ಲಿ ನಾವು ಏಳು ಜನ ತಿಂಗಳಿಗೊಮ್ಮೆ ಕೂಡುತ್ತೇವೆ. ಎಲ್ಲರೂ ಒಂದೇ ಪುಸ್ತಕವನ್ನು ಓದಿ ಬಂದಿರಬೇಕು. ಓದದೆ ಬಂದವರು ಚಹಾ ಕುಡಿಯಬಹುದು, ಅವಲಕ್ಕಿ ತಿನ್ನಬಹುದು, ಆದರೆ ಪುಸ್ತಕದ ಬಗ್ಗೆ ತುಟಿ ಬಿಚ್ಚುವಂತಿಲ್ಲ ಎಂಬುದು ನಮ್ಮ ಏಕೈಕ ಕಟ್ಟಳೆ. ಕಳೆದ ತಿಂಗಳು ನಾವು ಓದಿದ್ದು, ಬ್ರಿಟನ್ನಿನ ದೂರದರ್ಶನ ವೀಕ್ಷಕರಿಗೆ ನಿರೂಪಕರಾಗಿ ಚಿರಪರಿಚಿತರಾದ ರಿಚರ್ಡ್ ಆಸ್ಮನ್ ಅವರು 2020ರಲ್ಲಿ ಹೊರತಂದ 'ದಿ ಥರ್ಸ್‌ಡೇ ಮರ್ಡರ್ ಕ್ಲಬ್' ಎಂಬ ಇಂಗ್ಲಿಷ್ ಕಾದಂಬರಿಯನ್ನು. ಅದರ ಬಗ್ಗೆ ನಮ್ಮೊಳಗೆ ಎದ್ದ ಭಿನ್ನಾಭಿಪ್ರಾಯಗಳನ್ನು ತಮ್ಮ ಮುಂದಿಡುತ್ತೇನೆ. ಕೊಲೆಗಾರ ಯಾರೆಂಬುದನ್ನು ಮಾತ್ರ ಹೇಳುವುದಿಲ್ಲ. ನನ್ನ ಹುಡುಗತನದಲ್ಲಿ ಹುಬ್ಬಳ್ಳಿಯ ಬಾಡಿಗೆ ಪುಸ್ತಕದ ಅಂಗಡಿಯೊಂದರಿಂದ ಆಸೆಪಟ್ಟು ತಂದ ಪತ್ತೇದಾರಿ ಕಾದಂಬರಿಯ ಇಪ್ಪತ್ತನೆಯ ಪುಟದಲ್ಲಿಯೇ, ಪಾತ್ರವೊಂದರ ಹೆಸರಿನ ಸುತ್ತ ಯಾರೋ ಮಸಿಯಿಂದ ಗೆರೆ ಎಳೆದು 'ಇವನೇ' ಎಂದು ಬರೆದಿಟ್ಟಿದ್ದರು. ಆ ಸಿಟ್ಟು ಇನ್ನೂ ಆರಿಲ್ಲವಾದ್ದರಿಂದ ಅದೇ ಪಾಪವನ್ನು ನಾನು ಬಾನುಲಿಯಲ್ಲಿ ಮಾಡಲಾರೆ.

ಪತ್ತೇದಾರಿ ಎಂದ ಕೂಡಲೆ ನನ್ನ ವಯಸ್ಸಿನ ಕನ್ನಡಿಗರಿಗೆ ನೆನಪಾಗುವವನು ಎನ್. ನರಸಿಂಹಯ್ಯನವರ ಪತ್ತೇದಾರ ಪುರುಷೋತ್ತಮ. ಅವನಿಗೆ ಪತ್ತೇದಾರಿಯೇ ಕಸುಬು. ಅದು ಕಸುಬಲ್ಲದವರು ಕೊಲೆಯ ಜಾಡು ಹಿಡಿದು ಹೊರಡುವ ಕಥೆಗಳ ಕುಲ ಬೇರೆ. 1930ರಲ್ಲಿ ಅಗಾಥಾ ಕ್ರಿಸ್ಟಿಯವರು ಮಿಸ್ ಮಾರ್ಪಲ್ ಎಂಬ ಮುದುಕಿಯನ್ನು ಮೊದಲ ಬಾರಿಗೆ ಕಾದಂಬರಿಯೊಂದಕ್ಕೆ ತಂದಾಗ, ಹೂದೋಟ ನೋಡಿಕೊಂಡು, ಉಣ್ಣೆ ಹೆಣೆಯುತ್ತ, ಹಳ್ಳಿಯವರ ಬಾಳನ್ನೆಲ್ಲ ಗಮನಿಸುತ್ತ ಕುಳಿತ ಆಕೆಯ ಕಣ್ಣೇ ಆಕೆಯ ಆಯುಧವಾಗಿತ್ತು. ಇಂಗ್ಲಿಷ್ ಓದುಗರು ಇಂತಹ ಕಥೆಗಳಿಗೆ 'ಕೋಜಿ' ಎನ್ನುತ್ತಾರೆ. ಇವುಗಳಲ್ಲಿ ಕೊಲೆ ನಡೆಯುತ್ತದೆ, ಆದರೆ ರಕ್ತ ಪುಟದ ಮೇಲೆ ಚೆಲ್ಲುವುದಿಲ್ಲ.

ಆಸ್ಮನ್ ಅವರ ಕಥೆ ನಡೆಯುವುದು ಕೆಂಟ್ ಪ್ರಾಂತ್ಯದ ಕೂಪರ್ಸ್ ಚೇಸ್ ಎಂಬ, ನಿವೃತ್ತರಿಗಾಗಿಯೇ ಕಟ್ಟಿದ ವಸತಿಯಲ್ಲಿ. ಗುಪ್ತಚರ ಕೆಲಸದ ಪೂರ್ವಾಶ್ರಮವುಳ್ಳ ಎಲಿಜಬೆತ್, ನರ್ಸಾಗಿದ್ದ ಜಾಯ್ಸ್, ಮನೋವೈದ್ಯರಾಗಿದ್ದ ಇಬ್ರಾಹಿಂ, ಕಾರ್ಮಿಕ ಸಂಘದ ಮುಖಂಡನಾಗಿದ್ದ ರಾನ್, ಈ ನಾಲ್ವರು ಪ್ರತಿ ಗುರುವಾರ ಸೇರಿ, ಪೊಲೀಸರು ಬಗೆಹರಿಸಲಾಗದೆ ಕೈಬಿಟ್ಟ ಹಳೆಯ ಪ್ರಕರಣಗಳ ಕಡತಗಳನ್ನು ಬಿಡಿಸಿ ನೋಡುತ್ತಾರೆ. ಬೇರೆ ಯಾರೂ ಬಂದು ತೊಂದರೆ ಕೊಡಬಾರದೆಂದು ಕೋಣೆಯನ್ನು 'ಜಪಾನೀ ಸಂಗೀತನಾಟಕದ ಚರ್ಚೆ' ಎಂಬ ಹೆಸರಿನಲ್ಲಿ ಕಾಯ್ದಿರಿಸುತ್ತಾರೆ. (ಧಾರವಾಡದಲ್ಲಿ ಈ ಉಪಾಯ ನಡೆಯಲಾರದು. ಸಂಗೀತ ಎಂಬ ಫಲಕ ಕಂಡರೆ ಸಾಕು, ನಲವತ್ತು ಜನ ಮುಂದಿನ ಸಾಲಿನಲ್ಲಿ ಬಂದು ಕೂಡುತ್ತಾರೆ.) ಅಷ್ಟರಲ್ಲಿ ಆ ವಸತಿಯ ನಿರ್ಮಾಣದಲ್ಲಿ ಪಾಲುದಾರನಾಗಿದ್ದವನೊಬ್ಬನ ಕೊಲೆಯಾಗಿ, ಹಳೆಯ ಕಡತ ಬದಿಗೆ ಸರಿದು ಹೊಸ ಹೆಣ ಎದುರಿಗೆ ಬರುತ್ತದೆ.

ನಮ್ಮಲ್ಲಿ ಮೊದಲು ತಕರಾರು ತೆಗೆದವರು ನಿವೃತ್ತ ಗಣಿತದ ಮಾಸ್ತರರು. ಅವರು ಇನ್ನೂರು ಪುಟದ ವಹಿಯೊಂದರಲ್ಲಿ ನಡುವೆ ಗೆರೆ ಎಳೆದು, ಎಡಕ್ಕೆ ಪುಟದ ಸಂಖ್ಯೆ, ಬಲಕ್ಕೆ ಆ ಪುಟದಲ್ಲಿ ಸಿಕ್ಕ ಸುಳಿವು, ಹೀಗೆ ಬರೆದುಕೊಂಡು ಬಂದಿದ್ದರು. 1929ರಲ್ಲಿ ರೊನಾಲ್ಡ್ ನಾಕ್ಸ್ ಎಂಬ ಪಾದ್ರಿ, ತಾವೂ ಪತ್ತೇದಾರಿ ಕಥೆಗಳನ್ನು ಬರೆಯುತ್ತಿದ್ದವರು, ಈ ಪ್ರಕಾರಕ್ಕೆ ಹತ್ತು ನಿಯಮಗಳನ್ನು ಹಾಕಿಕೊಟ್ಟರು. ಗುಪ್ತ ದಾರಿ ಒಂದಕ್ಕಿಂತ ಹೆಚ್ಚು ಇರಬಾರದು, ಮುನ್ಸೂಚನೆಯಿಲ್ಲದೆ ಅವಳಿ ಸೋದರರನ್ನು ತರಬಾರದು, ಪತ್ತೇದಾರನಿಗೆ ಸಿಕ್ಕ ಸುಳಿವನ್ನು ಓದುಗನಿಂದ ಬಚ್ಚಿಡಬಾರದು ಎಂಬವು ಅವುಗಳಲ್ಲಿ ಕೆಲವು. ಮಾಸ್ತರರ ವಾದವೆಂದರೆ, ಕಾದಂಬರಿಯ ಕೊನೆಯ ಭಾಗದಲ್ಲಿ ಗಂಟುಗಳು ಬಿಚ್ಚುವುದು ತರ್ಕದಿಂದಲ್ಲ, ಒಬ್ಬರ ಹಿಂದೆ ಒಬ್ಬರು ಬಾಯಿಬಿಡುವುದರಿಂದ. ಆದ್ದರಿಂದ ಓದುಗನು ಮುಂಚಿತವಾಗಿ ಲೆಕ್ಕ ಬಿಡಿಸುವುದಕ್ಕೆ ಅವಕಾಶವೇ ಇರಲಿಲ್ಲ. ಅವರ ವಹಿಯ ಬಲಬದಿ ಕೊನೆಯ ಪುಟಗಳಲ್ಲಿ ಖಾಲಿಯಾಗಿಯೇ ಇತ್ತು. ಈ ಆಕ್ಷೇಪಣೆಯನ್ನು ನಾನು ಒಪ್ಪುತ್ತೇನೆ. ಕೊಲೆಗಳು ಹೆಚ್ಚು, ಎಳೆಗಳು ಹೆಚ್ಚು, ಮುಗಿಸುವ ಅವಸರವೂ ಹೆಚ್ಚು.

ಆದರೆ ಹುಬ್ಬಳ್ಳಿಯ ದವಾಖಾನೆಯೊಂದರಲ್ಲಿ ಮೂವತ್ತು ವರ್ಷ ನರ್ಸಾಗಿದ್ದು ನಿವೃತ್ತರಾದ, ನಾವೆಲ್ಲ ಇಂದಿಗೂ ಸಿಸ್ಟರ್ ಎಂದೇ ಕರೆಯುವ ನಮ್ಮ ಗೆಳತಿ ಇದನ್ನು ಒಪ್ಪಲಿಲ್ಲ. ಕಥೆಯ ನಡುನಡುವೆ ಜಾಯ್ಸ್ ಬರೆಯುವ ದಿನಚರಿ ಬರುತ್ತದೆ. ಯಾರ ಮಗಳು ಫೋನು ಮಾಡಿದಳು, ಯಾರಿಗೆ ಯಾವ ಕೇಕು ಸೇರಿತು ಎಂದು ಹರಟುತ್ತಲೇ ಹೋಗುವ ಆ ಬರವಣಿಗೆಯನ್ನು ಮಾಸ್ತರರು ಪುಟ ತುಂಬಿಸುವ ಕೆಲಸ ಎಂದು ತಳ್ಳಿಹಾಕಿದ್ದರು. ಸಿಸ್ಟರ್ ಅವರ ಉತ್ತರವನ್ನು ಅವರದೇ ಮಾತಿನಲ್ಲಿ ಹೇಳಿದರೆ ಚೆಂದ: "ಡಾಕ್ಟರಿಗೆ ಪೇಶಂಟು ಅರ್ಧಾ ಹೇಳ್ತಾರ್ರೀ ಮಾಸ್ತರ್ರ, ಪೂರ್ತಿ ಹೇಳೂದು ಹಾಸಿಗಿ ಅರಿವಿ ಬದ್ಲಿ ಮಾಡೋವಾಗ ನಮಗ." ಜಾಯ್ಸ್ ಹರಟುವವಳಾದ್ದರಿಂದಲೇ ಜನ ಅವಳ ಮುಂದೆ ಎಚ್ಚರ ತಪ್ಪುತ್ತಾರೆ, ಆ ಎಚ್ಚರ ತಪ್ಪಿಸುವುದೇ ಅವಳ ವಿದ್ಯೆ ಎಂಬುದು ಅವರ ಅಭಿಪ್ರಾಯ. ಇದನ್ನು ಕೇಳಿದ ಮೇಲೆ ನಾನು ಮನೆಗೆ ಹೋಗಿ ದಿನಚರಿಯ ಭಾಗಗಳನ್ನಷ್ಟೇ ಮತ್ತೊಮ್ಮೆ ಓದಿದೆ. ಮೊದಲ ಓದಿನಲ್ಲಿ ನಾನೂ ಅವುಗಳನ್ನು ಹಾರಿಸಿಕೊಂಡು ಹೋಗಿದ್ದೆನೆಂಬುದನ್ನು ಒಪ್ಪಿಕೊಳ್ಳುವುದು ಒಳ್ಳೆಯದು.

ನಮ್ಮ ವಕೀಲ ಕಾಕಾ ಅವರಿಗೆ ತಲೆಬಿಸಿಯಾದದ್ದು ಬೇರೆ ಕಾರಣಕ್ಕೆ. ಈ ಹಿರಿಯರು ತಮಗೆ ತಿಳಿದದ್ದನ್ನು ಪೊಲೀಸರಿಗೆ ಬೇಕಾದಾಗ ಬೇಕಾದಷ್ಟೇ ಕೊಡುತ್ತಾರೆ, ಉಳಿದದ್ದನ್ನು ತಮ್ಮೊಳಗೇ ತೀರ್ಮಾನಿಸುತ್ತಾರೆ. ಕೊಲೆಯ ಸಂಗತಿ ಗೊತ್ತಿದ್ದವರು ಅದನ್ನು ತಿಳಿಸಲೇಬೇಕೆಂದು ನಮ್ಮ ಕಾಯ್ದೆಯೂ ಹೇಳುತ್ತದೆ, ಪೊಲೀಸರೆದುರಿನ ತಪ್ಪೊಪ್ಪಿಗೆಯನ್ನು ಆರೋಪಿಯ ವಿರುದ್ಧ ಸಾಕ್ಷ್ಯವಾಗಿ ಬಳಸುವಂತಿಲ್ಲ ಎಂದೂ ಹೇಳುತ್ತದೆ. ಈ ಪುಸ್ತಕವನ್ನು ನಮ್ಮ ಕೋರ್ಟಿಗೆ ತಂದರೆ ಅರ್ಧ ದಿನವೂ ನಿಲ್ಲದು ಎಂದು ಅವರು ವಾದಿಸಿದರು. ಅದಕ್ಕೆ ಉತ್ತರ ಕೊಟ್ಟವಳು ಸಪ್ತಾಪುರದಲ್ಲಿ ರೂಮು ಮಾಡಿಕೊಂಡು ಪಿಎಸ್‌ಐ ಪರೀಕ್ಷೆಗೆ ಓದುತ್ತಿರುವ, ನಮ್ಮೊಳಗೆ ಅತ್ಯಂತ ಕಿರಿಯಳಾದ ಹುಡುಗಿ. ಡೊನ್ನಾ ಎಂಬ ತರುಣ ಪೊಲೀಸ್ ಪೇದೆ ಲಂಡನ್ ಬಿಟ್ಟು ಬಂದು, ಕೊಲೆಯ ತನಿಖೆ ಬಯಸಿದರೂ, ಮುದುಕರಿಗೆ ಮನೆಯ ಭದ್ರತೆಯ ಬಗ್ಗೆ ಪಾಠ ಹೇಳುವ ಕೆಲಸಕ್ಕೆ ಬೀಳುತ್ತಾಳೆ. ಅವಳಿಗೆ ತನಿಖೆಯ ತಂಡದಲ್ಲಿ ಜಾಗ ಸಿಗುವುದು ಈ ಹಿರಿಯರ ಹಿಕಮತ್ತಿನಿಂದ, ಅದಕ್ಕೆ ಪ್ರತಿಯಾಗಿ ಅವರು ಕೇಳುವುದು ಒಳಗಿನ ಮಾಹಿತಿ. ಇದು ತಪ್ಪೆಂದು ತನಗೂ ಗೊತ್ತು, ಆದರೆ ಅವಳ ಜಾಗದಲ್ಲಿ ತಾನಿದ್ದರೂ ಒಪ್ಪಿಬಿಡುತ್ತಿದ್ದೆ ಎಂದು ಹುಡುಗಿ ಹೇಳಿದಾಗ, ವಕೀಲ ಕಾಕಾ ಕನ್ನಡಕ ತೆಗೆದು ಒರೆಸಿಕೊಂಡರು. ಪಿಎಸ್‌ಐ ಸಂದರ್ಶನದಲ್ಲಿ ಇದನ್ನು ಹೇಳಬೇಡವ್ವಾ ಎಂದರು.

ಇಷ್ಟೆಲ್ಲ ವಾದ ನಡೆದದ್ದು ಕೊಲೆ, ಸುಳಿವು, ಕಾಯ್ದೆಗಳ ಸುತ್ತ. ಆದರೆ ಈ ಕಾದಂಬರಿಯ ತೂಕ ಇರುವುದು ಅಲ್ಲಲ್ಲ ಎಂದು ನನಗೆ ಅನ್ನಿಸಿದೆ. ಎಲಿಜಬೆತ್ ಜೊತೆಗೂಡಿ ಈ ಕ್ಲಬ್ಬನ್ನು ಕಟ್ಟಿದ ಪೆನ್ನಿ ಎಂಬ ನಿವೃತ್ತ ಪೊಲೀಸ್ ಅಧಿಕಾರಿ ಪ್ರಜ್ಞೆಯಿಲ್ಲದೆ ಹಾಸಿಗೆ ಹಿಡಿದಿದ್ದಾಳೆ. ಎಲಿಜಬೆತ್ ಹೋಗಿ ಅವಳ ಪಕ್ಕ ಕುಳಿತು, ತನಿಖೆ ಎಲ್ಲಿಗೆ ಬಂತೆಂದು, ಅವಳು ಕೇಳುತ್ತಿದ್ದಾಳೋ ಇಲ್ಲವೋ ತಿಳಿಯದೆಯೇ, ವರದಿ ಒಪ್ಪಿಸುತ್ತಾಳೆ. ಮನೆಯಲ್ಲಿ ಅವಳ ಗಂಡ ಸ್ಟೀಫನ್‌ಗೆ ಮರೆವಿನ ರೋಗ. ಆದರೆ ಚದುರಂಗದ ಮಣೆಯ ಮುಂದೆ ಕುಳಿತರೆ ಅವನ ಕೈ ಇನ್ನೂ ನಡೆ ತಪ್ಪುವುದಿಲ್ಲ. ಕೊಲೆಗಾರನನ್ನು ಹಿಡಿಯಲು ಹೊರಟವಳು ತನ್ನ ಮನೆಯಲ್ಲಿ ದಿನದಿನವೂ ಕಳೆದುಹೋಗುತ್ತಿರುವುದನ್ನು ಮಾತ್ರ ಹಿಡಿದಿಡಲಾರಳು. ಈ ಭಾಗಕ್ಕೆ ಬಂದಾಗ ನಮ್ಮ ಪಡಸಾಲೆಯಲ್ಲಿ ಚರ್ಚೆ ನಿಂತಿತು. ಮನೆಯೊಡತಿ ಎದ್ದು ಒಳಕೋಣೆಗೆ ಹೋಗಿ, ಅಲ್ಲಿ ಕುಳಿತಿದ್ದ ತಮ್ಮ ಯಜಮಾನರಿಗೆ ಚಹಾ ಕೊಟ್ಟು ಬಂದರು. ಅವರು ಒಂದು ಕಾಲಕ್ಕೆ ಊರಿನ ಓಣಿಓಣಿಯನ್ನೂ ಬಲ್ಲ ಅಂಚೆಯಣ್ಣ. ಈಗ ತಮ್ಮದೇ ಮನೆಯ ವಿಳಾಸವನ್ನು ದಿನಕ್ಕೆ ಹತ್ತು ಸಲ ಕೇಳುತ್ತಾರೆ. ಕಥೆಯಲ್ಲಿ ಸಾವನ್ನು ಹಗುರ ಮಾಡಿದ್ದಾರೆಂದು ಅಷ್ಟು ಹೊತ್ತು ಗೊಣಗುತ್ತಿದ್ದವರೊಬ್ಬರು ಆಮೇಲೆ ಆ ಮಾತನ್ನು ಎತ್ತಲಿಲ್ಲ.

ನಮ್ಮಲ್ಲಿದ್ದ ಪುಸ್ತಕದ ಪ್ರತಿ ಒಂದೇ. ಅದು ಕೈಯಿಂದ ಕೈಗೆ ತಿರುಗಿ ಮೊನ್ನೆ ನನ್ನ ಬಳಿಗೆ ಮರಳಿತು. ಕೊಲೆಗಾರನ ಹೆಸರಿಗೆ ಯಾರೂ ಗೆರೆ ಎಳೆದಿರಲಿಲ್ಲ. ಆದರೆ ಕೊನೆಯ ಖಾಲಿ ಹಾಳೆಯ ಮೇಲೆ ಮಾಸ್ತರರು ಕೆಂಪು ಪೆನ್ಸಿಲಿನಿಂದ ನೂರಕ್ಕೆ ಅರವತ್ತೆರಡು ಅಂಕ ಹಾಕಿ, ಉತ್ತರ ಸರಿ, ಹಂತಗಳನ್ನು ತೋರಿಸಿಲ್ಲ ಎಂದು ಷರಾ ಬರೆದಿದ್ದರು. ಅದರ ಕೆಳಗೆ, ದವಾಖಾನೆಯ ಚಾರ್ಟಿನ ಮೇಲೆ ಬರೆದು ಪಳಗಿದ ಸಣ್ಣ ಅಕ್ಷರಗಳಲ್ಲಿ ಇನ್ನೊಂದು ಸಾಲು ಇತ್ತು: ದಿನಚರಿಯನ್ನು ಮತ್ತೊಮ್ಮೆ ಓದಿ ಮರುಎಣಿಕೆ ಮಾಡತಕ್ಕದ್ದು.

ನಮಸ್ಕಾರ.