ಉಕ್ಕಿಗೂ ದಣಿವುಂಟು

ಕೇಳುಗರೆ, ನಮಸ್ಕಾರ. ಫ್ಯೂಷನ್ ರಿಯಾಕ್ಟರ್, ಅಂದರೆ ಪರಮಾಣುಗಳ ನಡುಭಾಗಗಳನ್ನು ಬೆಸೆದು ಶಕ್ತಿ ತೆಗೆಯೋ ಯಂತ್ರ, ಅಂದ ಕೂಡಲೇ ಎಲ್ಲರ ಪ್ರಶ್ನೆ ಒಂದೇ: "ಉಕ್ಕು ಎಷ್ಟು ಡಿಗ್ರಿ ತಡೆಯುತ್ತೆ?" ಸುಮಾರು 550 ಅಂತಿಟ್ಟುಕೊಳ್ಳಿ. ಆದರೆ ದಯವಿಟ್ಟು ಇನ್ನೊಂದನ್ನು ಕೇಳಿ: ಎಷ್ಟು ಸಲ ಕಾದು ಆರುತ್ತೆ? ಪ್ರತಿ ಸಲ ಎಷ್ಟು ಹೊತ್ತು ಕಾದೇ ಇರುತ್ತೆ?

ಒಂದು ಮೀಟರ್ ಸರಳು 300 ಡಿಗ್ರಿ ಹೆಚ್ಚು ಕಾದರೆ ಸುಮಾರು ಮೂರೂವರೆ ಮಿಲಿಮೀಟರ್ ಹಿಗ್ಗುತ್ತೆ. ಹಿಗ್ಗೋಕೆ ಬಿಟ್ಟರೆ ತಕರಾರಿಲ್ಲ. ರಿಯಾಕ್ಟರ್ ಗೋಡೆಯಲ್ಲಿ ಬಿಡೋರು ಯಾರು? ಪ್ಲಾಸ್ಮಾ, ಅಂದರೆ ಒಳಗಿನ ಕುದಿಯೋ ಅನಿಲ, ಅದರ ಕಡೆಯ ಮೈ ಬಿಸಿಯಾಗುತ್ತೆ, ಹಿಂದಿನ ತಣ್ಣನೆ ಭಾಗ ಅದನ್ನು ಅಮುಕಿ ಹಿಡಿಯುತ್ತೆ. ಪ್ಲಾಸ್ಮಾ ಆರಿದರೆ ಅದೇ ಜಾಗಕ್ಕೆ ಎಳೆತ. ಅಮುಕು, ಎಳೆತ, ಅದೊಂದು ಸುತ್ತು; ಮತ್ತೆ ಅಮುಕು.

ಇದನ್ನೇ ಲ್ಯಾಬಿನಲ್ಲಿ ಮಾಡಿ ನೋಡೋದು: ಲೇತಿನಲ್ಲಿ ಕಡೆದ ಉಕ್ಕಿನ ತುಂಡನ್ನು ಕಾಯಿಸಿ, ಯಂತ್ರದಲ್ಲಿ ಅಮುಕಿ ಎಳೆಯೋದು. ಪೀಣ್ಯದಲ್ಲಿ ಲೇತ್ ಮುಂದೆ ನಿಂತು ಕೇಳ್ತಿರೋರಿಗೆ ಹೇಳಬೇಕೇ? ನಡುವೆ 10 ಮಿಲಿಮೀಟರ್ ದಪ್ಪದ ತುಂಡು. ಟೂಲಿನ ಗೆರೆ ಸುತ್ತಲೂ ಉಳಿದರೆ ಬಿರುಕು ಅಲ್ಲೇ ಹುಟ್ಟುತ್ತೆ. ಅದಕ್ಕೇ ಕೊನೆಯಲ್ಲಿ ಎಮರಿ ಕಾಗದವನ್ನು ಉದ್ದಕ್ಕೆ ಉಜ್ಜಬೇಕು, ಅಡ್ಡಕ್ಕಲ್ಲ. ಹೊಸಬರು ಇನ್ನೊಂದು ಮಾಡ್ತಾರೆ: ಉಷ್ಣತೆ ಸರಿಯಾಗಿ ಸಿಗಲಿ ಅಂತ ಅದನ್ನು ಅಳೆಯೋ ಥರ್ಮೋಕಪಲ್ ತಂತಿಯನ್ನು ನಟ್ಟನಡುವೆ ಸ್ಪಾಟ್ ವೆಲ್ಡ್ ಮಾಡಿಬಿಡೋದು. ಆ ಸಾಸಿವೆಯಷ್ಟು ಜಾಗ ಕರಗಿ ಫಕ್ಕನೆ ಆರಿ ಗಡುಸಾಗುತ್ತೆ. ಯಂತ್ರ ಓಡುತ್ತೆ, ಗ್ರಾಫ್ ಚೆಂದ ಬರುತ್ತೆ, ತುಂಡು ಬೇಗನೆ ಮುರಿಯುತ್ತೆ. ಮುರಿದ ಮೈಯನ್ನು ಸೂಕ್ಷ್ಮದರ್ಶಕದಲ್ಲಿ ನೋಡಿದರೆ ಬಿರುಕಿನ ಬುಡ ವೆಲ್ಡ್ ಚುಕ್ಕೆಯ ಕೆಳಗೇ! ಅಳೆದದ್ದು ಉಕ್ಕಿನ ಆಯಸ್ಸಲ್ಲ, ವೆಲ್ಡಿನದು. ಸರಿಯಾದ ದಾರಿ ಅಂದರೆ, ಬೇರೆ ಡಮ್ಮಿ ತುಂಡಿನಲ್ಲಿ ನಡುವಿಗೂ ಭುಜಕ್ಕೂ (ನಡುವಿನ ಆಚೀಚೆ ದಪ್ಪಗಾಗೋ ಜಾಗ) ಎಷ್ಟು ಡಿಗ್ರಿ ವ್ಯತ್ಯಾಸ ಅಂತ ಮೊದಲೇ ಅಳೆದುಕೊಂಡು, ಪರೀಕ್ಷೆಯ ತುಂಡಿಗೆ ತಂತಿಯನ್ನು ಭುಜದಲ್ಲಿ ಮಾತ್ರ ಕೂರಿಸೋದು.

ಅಯ್ಯೋ, ಸಮಯ ಓಡ್ತಿದೆ. ಉಕ್ಕು ಯಾವುದು? 9 ಶೇಕಡಾ ಕ್ರೋಮಿಯಂ. ಮಾಲಿಬ್ಡಿನಮ್, ನಿಯೋಬಿಯಂ ಬಿಟ್ಟು ಟಂಗ್‌ಸ್ಟನ್, ಟ್ಯಾಂಟಲಮ್ ಹಾಕಿರ್ತಾರೆ, ರಿಯಾಕ್ಟರಿನಲ್ಲಿದ್ದು ಉಕ್ಕೇ ಸೂಸೋಕೆ ತೊಡಗುವ ವಿಕಿರಣ ಬೇಗ ಇಳಿಯಲಿ ಅಂತ. ನಮ್ಮ ದೇಶದ್ದರಲ್ಲಿ ಟಂಗ್‌ಸ್ಟನ್ 1.4 ಶೇಕಡಾ. ಈ ಉಕ್ಕು ಸುತ್ತು ಸುತ್ತಿಗೂ ಮೆತ್ತಗಾಗುತ್ತಾ ಹೋಗುತ್ತೆ.

ಮತ್ತೆ ಅದೇ ಮಾತು, ಕಾದೇ ಇರುವ ಹೊತ್ತು. ಅಮುಕಿದ ಸ್ಥಿತಿಯಲ್ಲಿ ಹಿಡಿದಿಟ್ಟರೆ ಮೈಮೇಲೆ ಬೆಳೆದ ಆಕ್ಸೈಡ್ ಪದರ ಎಳೆತ ಬಂದಾಗ ಸೀಳುತ್ತೆ. ಬಿರುಕು ಅಲ್ಲಿಂದ ಒಳಗಿಳಿಯುತ್ತೆ. ಒಂದು ಸುತ್ತಿಗೆ 8 ಸೆಕೆಂಡಾದರೆ 1000 ಸುತ್ತು ಎರಡೂಕಾಲು ಗಂಟೆಯಲ್ಲಿ ಮುಗಿಯುತ್ತೆ. ಪ್ರತಿ ಸುತ್ತಿಗೆ 10 ನಿಮಿಷ ಹಿಡಿದರೆ 7 ದಿನ. ಎರಡೆರಡು ಗಂಟೆ ಹಿಡಿದರೆ 83 ದಿನ, ಒಂದೇ ತುಂಡಿಗೆ. ನಡುವೆ ಕರೆಂಟ್ ಹೋಗಬಾರದು, ಅಷ್ಟೇ. ನಮಸ್ಕಾರ.