ಠಾಣೆಗೋ, ದವಾಖಾನಿಗೋ? ಮನೋರೋಗ ಮತ್ತು ಜೈಲಿನ ದಾರಿ

[ದೃಶ್ಯ: ಬೆಳಗಾವಿ ಬಸ್ ಸ್ಟ್ಯಾಂಡ್, ರಾತ್ರಿ]

ನಮಸ್ಕಾರ್ರೀ. ಬಸ್ ಸ್ಟ್ಯಾಂಡಿನಾಗ ಒಬ್ಬಾಂವ ತನ್ನಷ್ಟಕ್ಕ ತಾನ ಚೀರಾಡಾಕತ್ತಾನ, ಮೈಮ್ಯಾಲ ಖಬರಿಲ್ಲ, ಕೈಯಾಗ ಕಲ್ಲು. ಯಾರೋ 112ಕ್ಕ ಫೋನ್ ಹಚ್ಚಿದ್ರು, ಪೊಲೀಸ್ ಗಾಡಿ ಬಂತು. ಈಗ ಅವನ್ನ ಎಲ್ಲಿಗೆ ಒಯ್ಯಬೇಕು?

ಈ ಪ್ರಶ್ನೆ ಹಿಂದ ಬಿದ್ದು ಕೆಲಸ ಮಾಡಿದವರೊಳಗ ಅಮೆರಿಕದ ನೀತಿ ತಜ್ಞೆ ಪೆಟ್ರೀಷಿಯಾ ಗ್ರಿಫಿನ್ ಒಬ್ರು. 2006ರಾಗ ಓಹಾಯೋದ ಮನೋವೈದ್ಯ ಮಾರ್ಕ್ ಮುನೆಟ್ಸ್ ಜೋಡಿ ಸೇರಿ ಅವರು ಒಂದು ನಕ್ಷೆ ಕೊಟ್ರು. ಮನೋರೋಗಿ ರಸ್ತೆಯಿಂದ ಜೈಲಿಗೆ, ಜೈಲಿಂದ ಮತ್ತ ಊರಿಗೆ ಬರೋ ದಾರ್ಯಾಗ ಅವನ್ನ ಚಿಕಿತ್ಸೆ ಕಡೆ ಹೊಳ್ಳಸಾಕ ಐದು ಜಾಗ ಅದಾವ ಅಂದ್ರು: ಪೊಲೀಸರು ಬಂದಾಗ, ಬಂಧನ ಆದ ಕೂಡಲೆ, ಜೈಲು-ಕೋರ್ಟಿನಾಗ, ಬಿಡುಗಡೆ ಹೊತ್ತಿಗೆ, ಬಿಡುಗಡೆ ಆದಮ್ಯಾಲ.

[ಗ್ರಾಫಿಕ್: ಸೆಕ್ಷನ್ 100]

ಮೊದಲನೇ ಜಾಗದಾಗ ನಮ್ಮ ಕಾನೂನು ಭಾಳ ಖಡಕ್ ಐತಿ. 2017ರ ಮಾನಸಿಕ ಆರೋಗ್ಯ ಆರೈಕೆ ಕಾಯ್ದೆ ಪ್ರಕಾರ ಇಂಥವರನ್ನ ರಕ್ಷಣೆಗೆ ತಗೊಳ್ಳೋದು ಠಾಣಾಧಿಕಾರಿ ಕರ್ತವ್ಯ. 24 ತಾಸಿನೊಳಗ ಹತ್ತಿರದ ಸರಕಾರಿ ದವಾಖಾನಿಗೆ ಒಯ್ಯಬೇಕು. ಲಾಕಪ್‌ನಾಗ ಇಡುವಂಗಿಲ್ಲ, ಯಾವ ಕಾರಣಕ್ಕೂ. ಮನಿಮಠ ಇಲ್ಲದಾಂವ ಆಗಿದ್ರ ಎಫ್‌ಐಆರ್ ಹಾಕಬೇಕು! ಗಾಬರಿ ಆಗಬ್ಯಾಡ್ರಿ, ಅದು ಕಾಣೆಯಾದ ವ್ಯಕ್ತಿಯ ಎಫ್‌ಐಆರ್. ಅವನ ಮನಿಯವರನ್ನ ಹುಡಕೋ ಹೊಣಿನೂ ಪೊಲೀಸರದ್ದ.

ಇದನ್ನ ಎಷ್ಟು ಮಂದಿ ಪೊಲೀಸರು ಕೇಳ್ಯಾರ? ಅಮೆರಿಕದ ಮೆಂಫಿಸ್‌ನಾಗ ಪೊಲೀಸರ ಗುಂಡಿಗೆ ಮನೋರೋಗಿಯೊಬ್ಬ ಸತ್ತಮ್ಯಾಲ, 1988ರಾಗ ಪೊಲೀಸರಿಗಂತನ ವಿಶೇಷ ತರಬೇತಿ ಸುರು ಆತು. ಅದು ಇವತ್ತು 40 ತಾಸಿನ ಪಾಠ. ನಮ್ಮ ಕಾಯ್ದೆನೂ ಪೊಲೀಸರಿಗೆ ತರಬೇತಿ ಕೊಡ್ರಿ ಅಂತೈತಿ.

ಮೊದಲನೇ ಜಾಗ ತಪ್ಪಿದ್ರ ಏನಾಗ್ತೈತಿ? ಅಸ್ಸಾಂನ ಮಚಾಂಗ್ ಲಾಲುಂಗ್ 1951ರಾಗ ಬಂಧನ ಆಗಿ ಮನೋರೋಗದ ದವಾಖಾನಿ ಸೇರಿದ್ರು. 1967ರಾಗ ವೈದ್ಯರು ಆರಾಮ ಆಗ್ಯಾರ ಅಂದ್ರು. ಮನಿಗೆ ಬಿಡೋದು ಬಿಟ್ಟು ಜೈಲಿಗೆ ಕಳಿಸಿದ್ರು. ಹೊರಗ ಬಂದಿದ್ದು 2005ರಾಗ. ವಿಚಾರಣೆ ಒಮ್ಮಿನೂ ಆಗಿದ್ದಿಲ್ಲ.

[ದೃಶ್ಯ: ಹಿಂಡಲಗಾ ರಸ್ತೆ]

ನನಗ ಕೇಳಿದ್ರ, ಎಲ್ಲಕ್ಕಿಂತ ಬಿಗಿಯಾಗಿ ಹಿಡೀಬೇಕಾದದ್ದು ನಾಲ್ಕನೇ ಜಾಗ, ಅಂದ್ರ ಬಿಡುಗಡೆ ಹೊತ್ತು. ಹಿಂಡಲಗಾ ಜೈಲಿನಾಗ ಒಬ್ಬಾಂವ ದಿನಾ ಗುಳಿಗಿ ತಗೊಂಡು ಆರಾಮ ಇದ್ದ ಅಂತ ತಿಳೀರಿ. ಜಾಮೀನು ಸಿಕ್ತು, ಅಥಣಿ ಕಡೆ ಊರಿಗೆ ಹೋದ. ಗುಳಿಗಿ ತೀರಿದ್ವು. ಮುಂದ? ಡಾಕ್ಟರು ಅಂದ್ರ ಧಾರವಾಡದ ಡಿಮ್ಹಾನ್ಸ್ ಅನ್ನೋ ಮನೋರೋಗ ದವಾಖಾನಿ ಒಂದ ಅಂತ ಮನಿಯವರು ತಿಳಕೊಂಡಾರ, ಅಷ್ಟು ದೂರ ಹೋಗಾಕ ಒಂದು ದಿನದ ಕೂಲಿ ಹೋಗ್ತೈತಿ. ಹಿಂಗ ಔಷಧ ನಿಂತ್ರ ರೋಗ ಮರಳೋ ಸಂಭವ ಹೆಚ್ಚು, ಮತ್ತ ಅದ ಬಸ್ ಸ್ಟ್ಯಾಂಡ್, ಅದ ಪೊಲೀಸ್ ಗಾಡಿ. ಆದ್ರ ಅದ 2017ರ ಕಾಯ್ದೆ ಪ್ರಕಾರ, ಅಗತ್ಯ ಔಷಧ ಪಟ್ಟಿಯೊಳಗಿನ ಗುಳಿಗಿ ಸಮುದಾಯ ಆರೋಗ್ಯ ಕೇಂದ್ರದಿಂದ ಹಿಡಿದು ಸರಕಾರಿ ದವಾಖಾನಿಯೊಳಗ ಪುಕ್ಕಟ ಸಿಗಬೇಕು.

ಅದಕ್ಕ ನಿಮ್ಮವರು ಯಾರರ ಬಿಡುಗಡೆ ಆಗೋರಿದ್ರ, ಜೈಲು ಡಾಕ್ಟರ ಚೀಟಿ ಕೇಳಿ ಇಸಗೊಳ್ರಿ. ಗುಳಿಗಿ ಹೆಸರು, ಪ್ರಮಾಣ ಅದರಾಗ ಇರಲಿ. ಚೀಟಿ ಸಿಗಲಿಲ್ಲ, ಎಲ್ಲಿ ತೋರಸೋದು ಗೊತ್ತಿಲ್ಲ ಅಂದ್ರ 14416ಕ್ಕ ಫೋನ್ ಹಚ್ಚರಿ. ಟೆಲಿ-ಮಾನಸ್ ಅಂತಾರ, ಹಗಲು ರಾತ್ರಿ ಇರ್ತೈತಿ, ಕನ್ನಡದಾಗ ಮಾತಾಡ್ತಾರ.